ಬಟನ್ ಡಬ್ಬಿಯಿಂದ ಜಡೆಗೆ: ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೇಲಿ ಹಳೇ ಬ್ಲೌಸಿಂದ ಬಿಚ್ಚಿದ ಲೇಸು, ಬಟನ್ನು, ಕುಂದನ್ನು ಎಲ್ಲಾ ಒಂದು ಬಿಸ್ಕತ್ ಡಬ್ಬೀಲಿ ಕೂಡಿಡಿ ಅಂತ ಬರೆದಿದ್ದೆ. ಕೂಡಿಟ್ಟು ಏನ್ ಮಾಡೋದು ಅಂತ ಬರೆದಿರಲಿಲ್ಲ, ಅದಕ್ಕೆ ಸರಿಯಾಗೇ ಬೈಸ್ಕೊಂಡಿದೀನಿ. ಬಂದ ಪತ್ರಗಳಲ್ಲಿ ಜಾಸ್ತಿ ಕೇಳಿರೋದು ಹಳೇ ಕ್ಲಿಪ್ಪು, ಹೇರ್ ಬ್ಯಾಂಡು, ಜಡೆಕುಚ್ಚು ಇವುಗಳ ಬಗ್ಗೆ, ಹಾಗಾಗಿ ಈ ಸಲ ಪೂರ್ತಿ ತಲೆದೇ ಮಾತು.

ಮೇಡಂ, ನನ್ನ ಮಗಳಿಗೆ 7 ವರ್ಷ. ಮನೇಲಿ ಹತ್ತು ಹನ್ನೆರಡು ಹಳೇ ಪ್ಲಾಸ್ಟಿಕ್ ಹೇರ್ ಬ್ಯಾಂಡ್ ಇವೆ, ಮೇಲಿನ ಬಟ್ಟೆ ಕಿತ್ತೋಗಿದೆ, ಒಳಗಿನ ಪ್ಲಾಸ್ಟಿಕ್ ಗಟ್ಟಿಯಾಗೇ ಇದೆ. ಕುಂದನ್, ಮುತ್ತು ಅಂಟಿಸಿ ನೋಡಿದೆ, ಒಂದು ವಾರದೊಳಗೆ ಒಂದೊಂದಾಗಿ ಉದುರಿ ಹೋಗುತ್ತೆ. ಯಾವ ಗಮ್ ತಗೊಳ್ಳಲಿ?
– ಒಬ್ಬ ಅಮ್ಮ, ತುಮಕೂರು

ಎಲ್ಲರೂ ಗಮ್ ಯಾವುದು ಅಂತಲೇ ಕೇಳ್ತೀರಿ ಕಣ್ರೀ, ತಪ್ಪು ಗಮ್ಮಿಂದಲ್ಲ. ಹೇರ್ ಬ್ಯಾಂಡ್ ಹಾಕೋವಾಗ ಎರಡೂ ಕೈಲಿ ಅಗಲ ಮಾಡ್ತೀವಲ್ಲ, ಆಗ ಪ್ಲಾಸ್ಟಿಕ್ ಬಾಗುತ್ತೆ, ಅದರ ಮೇಲಿರೋ ಕಲ್ಲು ಬಾಗಲ್ಲ, ಮಧ್ಯ ಸಿಕ್ಕಿಕೊಂಡಿರೋ ಗಮ್ ಪಟ್ ಅಂತ ಬಿಟ್ಕೊಳುತ್ತೆ. ದಿನಕ್ಕೆ ಎರಡು ಸಲ ಹೀಗಾದ್ರೆ ವಾರ ನಿಂತಿದ್ದೇ ಹೆಚ್ಚು. ಅದಕ್ಕೆ ನಾನು ಹೇಳೋದು, ಬ್ಯಾಂಡಿಗೆ ಮೊದಲು ಬಟ್ಟೆ ಉಡಿಸಿ, ಕಲ್ಲು ಮುತ್ತು ಎಲ್ಲಾ ಆ ಬಟ್ಟೆಗೆ ಸೂಜಿ ದಾರದಲ್ಲಿ ಹೊಲೀರಿ.

ಮೊದಲು ಹಳೇ ಗಮ್ಮಿನ ಗಂಟೆಲ್ಲಾ ಉಗುರಲ್ಲೋ ಹಳೇ ಎಟಿಎಂ ಕಾರ್ಡಲ್ಲೋ ಕೆರೆದು ತೆಗೀರಿ. ನೇಲ್ ಪಾಲಿಶ್ ರಿಮೂವರ್ ಹಚ್ಚೋಕೆ ಮಾತ್ರ ಹೋಗಬೇಡಿ, ಅದರಲ್ಲಿರೋ ಅಸಿಟೋನ್ ತುಂಬಾ ಥರದ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ, ಬ್ಯಾಂಡ್ ಅಂಟಂಟಾಗಿ ಮಂಕಾಗುತ್ತೆ. ಆಮೇಲೆ ಸ್ಯಾಂಡ್ ಪೇಪರಲ್ಲಿ ಸ್ವಲ್ಪ ಉಜ್ಜಿ ಒರಟು ಮಾಡಿ, ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿ. ಈಗ ಅರ್ಧ ಇಂಚಿನ ಸ್ಯಾಟಿನ್ ರಿಬ್ಬನ್ ತಗೊಂಡು ಒಂದು ತುದೀಲಿ ಗಮ್ ಹಾಕಿ ಕೂರಿಸಿ, ಓರೆಯಾಗಿ ಸುತ್ಕೊಂಡು ಹೋಗಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಬರಬೇಕು. ಒಂದು ಸೆಂಟಿಮೀಟರ್ ಅಗಲದ ಬ್ಯಾಂಡಿಗೆ ಹೆಚ್ಚು ಕಮ್ಮಿ ಒಂದೂವರೆ ಮೀಟರ್ ಹಿಡಿಯುತ್ತೆ, ಎರಡು ಮೀಟರ್ ತಂದಿಟ್ಕೊಳ್ಳಿ, ಕೊನೇಲಿ ನಾಲ್ಕು ಬೆರಳು ಸಾಲದೆ ಬಂದ್ರೆ ಆಗೋ ಸಿಟ್ಟು ನಂಗೊತ್ತು. ರಿಬ್ಬನ್ನಿನ ತುದಿ ನೂಲು ಬಿಡದೆ ಇರೋಕೆ ಮೇಣದಬತ್ತಿ ಹತ್ರ ಹಿಡಿದು ಕರಗಿಸ್ತಾರೆ, ಅದು ಪಾಲಿಯೆಸ್ಟರ್ ರಿಬ್ಬನ್ನಿಗೆ ಮಾತ್ರ ಸರಿ, ರೇಷ್ಮೆ ಅಥವಾ ಕಾಟನ್ ಪಟ್ಟಿ ಹಿಡಿದ್ರೆ ಹತ್ಕೊಂಡು ಉರಿಯುತ್ತೆ ಅಷ್ಟೇ. ಅದಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಗೆರೆ ಎಳೆದ್ರೆ ಸಾಕು.

ಮುತ್ತು ನೇರವಾಗಿ ಬ್ಯಾಂಡಿಗೆ ಹೊಲಿಯೋದು ಕಷ್ಟ, ಸೂಜಿ ಪ್ಲಾಸ್ಟಿಕ್ಕಿಗೆ ತಾಗುತ್ತೆ. ಒಂದು ಫೆಲ್ಟ್ ಬಟ್ಟೆ ಪಟ್ಟಿ ಮೇಲೆ ಬೇರೆಯಾಗಿ ಡಿಸೈನ್ ಹೊಲ್ಕೊಳ್ಳಿ, ಪ್ರತಿ ಮಣಿಗೂ ಎರಡು ಸಲ ದಾರ ಹಾಯಿಸಿ, ನಾಲ್ಕೈದು ಮಣಿಗೊಂದು ಗಂಟು ಹಾಕಿ, ಆಗ ಒಂದು ಕಿತ್ರೂ ಪೂರ್ತಿ ಸಾಲು ಉದುರಲ್ಲ. ಆಮೇಲೆ ಆ ಪಟ್ಟೀನ ಬ್ಯಾಂಡಿನ ರಿಬ್ಬನ್ನಿಗೆ ಅಂಚಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿ. ಡಿಸೈನ್ ನೆತ್ತಿ ಮೇಲೆ ಅಥವಾ ಒಂದು ಪಕ್ಕಕ್ಕಿರಲಿ, ಕಿವಿ ಹಿಂದೆ ಬರೋ ಮೂರು ಮೂರು ಇಂಚು ಬರೀ ರಿಬ್ಬನ್ ಬಿಡಿ, ಅಲ್ಲಿ ಒಂದು ಮಣಿ ಒತ್ತಿದ್ರೂ ಮಗು ಮಧ್ಯಾಹ್ನದ ಹೊತ್ತಿಗೆ ಬ್ಯಾಂಡ್ ಕಿತ್ತು ಸ್ಕೂಲ್ ಬ್ಯಾಗಿಗೆ ತುರುಕಿರುತ್ತೆ.

ತೂತಿಲ್ಲದ ಕುಂದನ್ ಕಲ್ಲು ಹೊಲಿಯೋಕಾಗಲ್ಲ, ಅದಕ್ಕೆ ಗಮ್ ಬೇಕೇ ಬೇಕು. ಬಟ್ಟೆ ಮೇಲೆ ಫ್ಯಾಬ್ರಿಕ್ ಗ್ಲೂ ಹಾಕಿ ಒಂದು ದಿನ ಪೂರ್ತಿ ಒಣಗೋಕೆ ಬಿಡಿ. ಸೆಕೆಂಡಲ್ಲಿ ಹಿಡ್ಕೊಳೋ ಪುಟ್ಟ ಟ್ಯೂಬಿನ ಗ್ಲೂ ಬೇಡ. ನಮ್ಮಕ್ಕನ ಮಗಳ ಮದುವೆ ಹಿಂದಿನ ರಾತ್ರಿ ಅವಸರದಲ್ಲಿ ಅದರಲ್ಲೇ ಮುತ್ತು ಅಂಟಿಸಿ ಡಬ್ಬಿ ಮುಚ್ಚಿಟ್ಟೆ, ಬೆಳಗ್ಗೆ ತೆಗೆದ್ರೆ ಮುತ್ತಿನ ಮೇಲೆಲ್ಲಾ ಬಿಳೀ ಪೌಡರ್ ಬಳಿದ ಹಾಗೆ. ಆ ಗ್ಲೂವಿನ ಆವಿ ಹಾಗೆ ಕೂರುತ್ತೆ, ಮುಚ್ಚಿದ ಡಬ್ಬೀಲಂತೂ ಇನ್ನೂ ಜಾಸ್ತಿ. ಇನ್ನೊಂದು ವಿಷಯ, ಅದು ಕಾಟನ್ ಬಟ್ಟೆಗೋ ಹತ್ತಿಗೋ ತಾಗಿದ್ರೆ ಬಿಸಿಯಾಗಿ ಬೆರಳು ಸುಡುತ್ತೆ, ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡೋರು ನೆನಪಿಡಿ. ಗ್ಲೂ ಗನ್ ಪರವಾಗಿಲ್ಲ, ಆದ್ರೆ ಅದು ಬಟ್ಟೆ ಹಿಡಿದಷ್ಟು ಗಟ್ಟಿಯಾಗಿ ನುಣುಪಾದ ಪ್ಲಾಸ್ಟಿಕ್, ಸ್ಟೀಲ್ ಹಿಡಿಯಲ್ಲ, ಬೇಸಿಗೇಲಿ ಕಾರಲ್ಲಿ ಬಿಟ್ರೆ ಮೆತ್ತಗಾಗಿ ಹೂವು ಜಾರಿ ಪಕ್ಕಕ್ಕೆ ಬಂದಿರುತ್ತೆ.

ನಮ್ಮ ಊರಲ್ಲಿ ಮಳೆಗಾಲ ಬಂತೂಂದ್ರೆ ಟಿಕ್ ಟಾಕ್ ಕ್ಲಿಪ್ಪು, ಹೇರ್ ಪಿನ್ನು ಎಲ್ಲದಕ್ಕೂ ತುಕ್ಕು. ತುಕ್ಕಿನ ಮೇಲೇ ಬಟ್ಟೆ ಹೂವು ಅಂಟಿಸಿದ್ರೆ ಆಗ್ತದಾ?
– ಮಂಗಳೂರು

ಆಗಲ್ಲ, ತುಕ್ಕು ಬಟ್ಟೆಗೂ ಇಳಿಯುತ್ತೆ, ಕೂದಲಿಗೂ. ಬಿಳೀ ವಿನೆಗರಲ್ಲಿ ಎರಡು ಮೂರು ಗಂಟೆ ನೆನೆಸಿ ಹಳೇ ಟೂತ್ ಬ್ರಶ್ಶಲ್ಲಿ ಉಜ್ಜಿ, ನೀರಲ್ಲಿ ತೊಳೆದು ತಕ್ಷಣ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟ್ ಹಚ್ಚಿ, ಬಣ್ಣದ್ದು ಹಚ್ಚಿದ್ರೆ ಅದೇ ಒಂದು ಅಲಂಕಾರ, ಬೇರೆ ಏನೂ ಬೇಡ. ತುದಿಯ ಪ್ಲಾಸ್ಟಿಕ್ ಗುಂಡು ಉದುರಿರೋ ಹೇರ್ ಪಿನ್ ಮಾತ್ರ ಎಷ್ಟೇ ಚೆನ್ನಾಗಿದ್ರೂ ಎಸೀರಿ, ನೆತ್ತಿ ಗೀರುತ್ತೆ. ಹೊಸ ಚಪ್ಪಲಿ ಡಬ್ಬೀಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಇರುತ್ತಲ್ಲ, ಅದನ್ನ ಕ್ಲಿಪ್ಪಿನ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ.

ಅಮ್ಮನ ಮದುವೆಯ ಚೌರಿ ಮತ್ತು ಅದರ ಜಡೆಕುಚ್ಚು ಸಿಕ್ಕಿದೆ. ಕುಚ್ಚಿನ ದಾರ ಎಲ್ಲಾ ಬಣ್ಣ ಹೋಗಿ ಪುಡಿಯಾಗ್ತಿದೆ, ಜರಿ ಕಪ್ಪಾಗಿದೆ. ನನ್ನ ನಾದಿನಿ ಮದುವೇಲಿ ಅದನ್ನೇ ಹಾಕ್ಕೋಬೇಕು ಅಂತ ಆಸೆ. ಅಮ್ಮ ಹೊಸದು ತಗೋ ಅಂತಾರೆ.
– ದಾವಣಗೆರೆ

ಅಮ್ಮಂಗೆ ಹೇಳಬೇಡಿ, ಮಾಡಿ ಮುಗಿಸಿ ತೋರಿಸಿ!

ಮೊದಲು ಚೌರಿ ನಿಜವಾದ ಕೂದಲೋ ನೈಲಾನೋ ನೋಡ್ಕೊಳ್ಳಿ. ಒಂದೇ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ, ಕೂದಲಾದ್ರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತೆ, ನೈಲಾನಾದ್ರೆ ಕರಗಿ ಗಟ್ಟಿ ಗುಂಡಾಗುತ್ತೆ. ಕೂದಲಾದ್ರೆ ಶಾಂಪೂ ಹಾಕಿ ತೊಳೆದು ನೆರಳಲ್ಲಿ ತೂಗುಹಾಕಿ ಒಣಗಿಸಬಹುದು. ನೈಲಾನಾದ್ರೆ ತಣ್ಣೀರು ಮಾತ್ರ, ಡ್ರೈಯರ್ ಹತ್ರಕ್ಕೂ ತರಬೇಡಿ. ಏನೇ ಆದ್ರೂ ಕುಚ್ಚು ಬಿಚ್ಚಿ ಪಕ್ಕಕ್ಕಿಟ್ಟ ಮೇಲೇ ತೊಳೀರಿ, ಕುಚ್ಚಿನ ಬಣ್ಣ ಕೂದಲಿಗೆ ಹತ್ತುತ್ತೆ.

ಕುಚ್ಚಲ್ಲಿ ಪುಡಿಯಾಗ್ತಿರೋದು ದಾರ ತಾನೇ, ಅದರ ಮೇಲಿರೋ ಲೋಹದ ಟೋಪಿ, ಗೆಜ್ಜೆ, ಮಣಿ ಎಲ್ಲಾ ಗಟ್ಟಿ ಇರುತ್ತೆ. ಅದನ್ನ ಉಳಿಸ್ಕೊಂಡು ಕೆಳಗಿನ ದಾರ ಮಾತ್ರ ಬದಲಾಯಿಸಿದ್ರೆ ಅದು ಅಮ್ಮನ ಕುಚ್ಚೇ. ಬಿಚ್ಚೋ ಮುಂಚೆ ಮೊಬೈಲಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ, ಯಾವ ಮಣಿ ಮೇಲೆ ಯಾವುದಿತ್ತು ಅಂತ ಆಮೇಲೆ ತಲೆ ಕೆರ್ಕೋಬೇಕಾಗಲ್ಲ. ಸೀರೆ ಕುಚ್ಚು ಹಾಕೋರು ಬಳಸೋ ರೇಷ್ಮೆ ದಾರದ ಉಂಡೆ ಎಲ್ಲಾ ಊರಿನ ಮ್ಯಾಚಿಂಗ್ ಸೆಂಟರಲ್ಲೂ ಸಿಗುತ್ತೆ, ಸೀರೆ ತಗೊಂಡು ಹೋಗಿ ಹಗಲು ಬೆಳಕಲ್ಲಿ ಬಣ್ಣ ಹೊಂದಿಸಿ, ಅಂಗಡಿ ಟ್ಯೂಬ್ ಲೈಟ್ ಕೆಳಗೆ ನೇರಳೆ ಕೂಡ ಮರೂನ್ ಕಂಡು ಮೋಸ ಹೋಗ್ತೀವಿ.

ನಾಲ್ಕು ಇಂಚು ಉದ್ದದ ರಟ್ಟಿಗೆ ದಾರ 100 ಸುತ್ತು ಸುತ್ತಿ. ಮೂರು ಕುಚ್ಚಿಗೂ ಎಣಿಸಿಯೇ ಸುತ್ತಬೇಕು, ಕಣ್ಣಂದಾಜಲ್ಲಿ ಸುತ್ತಿದ್ರೆ ಮೂರನೇದು ಯಾವಾಗಲೂ ತೆಳ್ಳಗೇ ಬರುತ್ತೆ, ಯಾಕಂದ್ರೆ ಅಷ್ಟೊತ್ತಿಗೆ ನಮಗೆ ಬೇಜಾರಾಗಿರುತ್ತೆ. ಮೇಲಿನ ಅಂಚಲ್ಲಿ ಅದೇ ದಾರದ ನಾಲ್ಕೆಳೆ ತೂರಿಸಿ ಬಿಗಿಯಾಗಿ ಗಂಟು ಹಾಕಿ, ಕೆಳಗಿನ ಅಂಚು ಕತ್ತರಿಸಿ, ಗಂಟಿನಿಂದ ಅರ್ಧ ಇಂಚು ಕೆಳಗೆ ಜರಿ ದಾರ ಹತ್ತು ಹದಿನೈದು ಸುತ್ತು ಸುತ್ತಿ ಕುತ್ತಿಗೆ ಮಾಡಿ. ಗಂಟಿನ ನಾಲ್ಕೆಳೆ ಟೋಪಿಯ ತೂತಿಂದ ಮೇಲಕ್ಕೆ ಬರಲಿ, ಅದಕ್ಕೆ ಹಳೇ ಮಣಿ, ಗೆಜ್ಜೆ ಪೋಣಿಸಿ ಚೌರಿಗೆ ಕಟ್ಟಿ. ದಾರ ಉಂಡೇಲಿ ಸುತ್ತಿದ್ದ ಸುಕ್ಕು ಹೋಗಬೇಕು ಅಂದ್ರೆ ಇಡ್ಲಿ ಪಾತ್ರೆಯಿಂದ ಬರೋ ಹಬೆಗೆ ಒಂದು ಗೇಣು ದೂರದಲ್ಲಿ ಹಿಡಿದು ಬಾಚಣಿಗೇಲಿ ಒಂದು ಸಲ ಬಾಚಿ, ಆಮೇಲೇ ತುದಿ ಸಮ ಮಾಡಿ ಕತ್ತರಿಸಿ.

ಜರಿ ವಿಷಯ. ಒಂದೆಳೆ ಉಗುರಲ್ಲಿ ಕೆರೆದು ನೋಡಿ. ಚಿನ್ನದ ನೀರಿನ ಕೆಳಗಿನ ಲೋಹ ಬೆಳ್ಳಗೆ ಕಂಡ್ರೆ ಬೆಳ್ಳಿ ಜರಿ, ಲೋಹವೇ ಕೆಂಪಗೆ ಕಂಡ್ರೆ ತಾಮ್ರ. ಬೆಳ್ಳಿ ಕಪ್ಪಾಗೋದು ಸಹಜ. ಹುಣಸೆಹಣ್ಣು, ಟೂತ್ ಪೇಸ್ಟ್ ಅಂತ ದೇವರ ದೀಪ ಉಜ್ಜಿದ ಹಾಗೆ ಉಜ್ಜೋಕೆ ಹೋಗಬೇಡಿ, ಮೇಲಿನ ಚಿನ್ನದ ನೀರೂ ಹೋಗಿ ಒಳಗಿನ ನೂಲೂ ಕಿತ್ತು ಬರುತ್ತೆ. ಆ ಕಪ್ಪು ಹಾಗೇ ಇದ್ರೆ ಹೊಸ ದಾರದ ಪಕ್ಕ ಇನ್ನೂ ಚೆನ್ನಾಗೇ ಕಾಣುತ್ತೆ ಅನ್ನೋದು ನನ್ನ ಅಭಿಪ್ರಾಯ, ಅಮ್ಮ ಒಪ್ಪದೇ ಇರಬಹುದು.

ನಾನು ಅಪ್ಪ, ಮಗಳಿಗೆ ಜಡೆ ಹಾಕೋದು ನಾನೇ. ಅವಳದು ತುಂಬಾ ನುಣುಪು ಕೂದಲು. ಹಳೇ ಕ್ಲಿಪ್ಪಿಗೆ ನಾವಿಬ್ಬರೂ ಕೂತು ದೊಡ್ಡ ದೊಡ್ಡ ಬಟ್ಟೆ ಚಿಟ್ಟೆ ಮಾಡಿ ಹಾಕಿದ್ವಿ, ಹತ್ತು ನಿಮಿಷಕ್ಕೆ ಜಾರಿ ಭುಜದ ಮೇಲೆ ಇರುತ್ತೆ.
– ಬೆಂಗಳೂರು

ಚಿಟ್ಟೆ ಭಾರ, ಕ್ಲಿಪ್ ಮುದಿ, ಕೂದಲು ನುಣುಪು, ಮೂರೂ ಸೇರಿದೆ. ಏನೇ ಅಲಂಕಾರ ಮಾಡೋ ಮುಂಚೆ ಬರೀ ಕ್ಲಿಪ್ಪನ್ನ ಕರ್ಚೀಫಿನ ಮೂಲೆಗೆ ಹಾಕಿ ಜೋರಾಗಿ ಜಾಡಿಸಿ, ಬಿದ್ದೋದ್ರೆ ಅದರ ಸ್ಪ್ರಿಂಗ್ ಸತ್ತಿದೆ, ಅದಕ್ಕೆ ಮುತ್ತು ಪೋಣಿಸೋದು ದಂಡ. ಹಿಡಿತ ಇದ್ರೆ ಒಳಭಾಗಕ್ಕೆ, ಅಂದ್ರೆ ಕೂದಲು ತಾಗೋ ಕಡೆ, ವೆಲ್ವೆಟ್ ರಿಬ್ಬನ್ನಿನ ಸಣ್ಣ ತುಂಡು ಅಂಟಿಸಿ, ನುಣುಪು ಕೂದಲನ್ನ ಅದು ಚೆನ್ನಾಗಿ ಹಿಡಿಯುತ್ತೆ. ಚಿಟ್ಟೇನ ಕ್ಲಿಪ್ಪಿನ ಮಧ್ಯಕ್ಕಿಂತ ಬಾಯಿ ಕಡೆಗೆ ಸ್ವಲ್ಪ ಸರಿಸಿ ಹೊಲೀರಿ, ಹಿಂದಿನ ತುದೀಲಿ ಭಾರ ಇದ್ರೆ ಅದೇ ಕ್ಲಿಪ್ಪನ್ನ ಕೆಳಗೆ ಎಳೆಯುತ್ತೆ. ಹಲ್ಲು ಮುರಿದಿರೋ ಕ್ಲಚರ್ ರಿಪೇರಿ ಮಾಡ್ತೀನಿ ಅಂತ ಕೂರಬೇಡಿ, ಆ ಮುರಿದ ಜಾಗ ಕೂದಲು ಕತ್ತರಿಸುತ್ತೆ. ಮತ್ತೆ, ಅಪ್ಪ ಜಡೆ ಹಾಕ್ತೀನಿ ಅಂತ ಬರೆದ ಪತ್ರ ಇದೇ ಮೊದಲು, ನಮ್ಮ ಆಫೀಸಲ್ಲಿ ಎಲ್ಲರೂ ಓದಿದ್ವಿ.

ಅಕ್ಕಾರ, ನಮ್ಮ ಅಜ್ಜಿದು ಖಣದ ಕುಪ್ಪಸ ನಾಕೈದ ಅದಾವ್ರಿ. ಬಗಲಾಗ ಹರದಾವು, ಬೆನ್ನಿನ ಕಡೆ ಅರಿವಿ ಛಲೋ ಐತ್ರಿ. ಒಗಿಯಾಕ ಮನಸ್ಸ ಬರವಲ್ತು. ಹಳೀ ಕ್ಲಿಪ್ಪಿಗೆ, ರಬ್ಬರ್ ಬ್ಯಾಂಡಿಗೆ ಹಚ್ಚಬಹುದೇನ್ರಿ? ಅದರ ಮ್ಯಾಲ ಸಣ್ಣದಾಗಿ ಕಸೂತಿ ಹಾಕಬೇಕಂತನೂ ಆಸೆ ಐತಿ.
– ಹುಬ್ಬಳ್ಳಿ

ಹಚ್ಚಬಹುದು, ಧಾರಾಳವಾಗಿ. ಗುಳೇದಗುಡ್ಡದ ಖಣ ಅಂದ್ರೆ ನೇಯ್ಗೇಲೇ ಸಣ್ಣ ಸಣ್ಣ ಚಿತ್ತಾರ ಇರೋ ಬಟ್ಟೆ, ಕ್ಲಿಪ್ಪಿನಷ್ಟು ಪುಟ್ಟ ಜಾಗಕ್ಕೆ ಹೇಳಿ ಮಾಡಿಸಿದ್ದು, ದೊಡ್ಡ ಹೂವಿನ ಪ್ರಿಂಟ್ ಕತ್ತರಿಸಿದ್ರೆ ಅರ್ಧ ಎಲೆ ಅರ್ಧ ಮೊಗ್ಗು ಬರುತ್ತಲ್ಲ, ಆ ಪಾಡಿಲ್ಲ ಇದಕ್ಕೆ. ಆದ್ರೆ ಅಜ್ಜಿ ಕಾಲದ ಬಟ್ಟೆ ಎಳೆದ್ರೆ ಹರಿಯುತ್ತೆ, ಕತ್ತರಿ ಹಾಕೋ ಮುಂಚೆ ಹಿಂದುಗಡೆಗೆ ಟೈಲರ್‌ಗಳು ಕಾಲರಿಗೆ ಇಸ್ತ್ರಿ ಮಾಡಿ ಕೂರಿಸೋ ಪೇಸ್ಟಿಂಗ್ ಬಟ್ಟೆ ತೆಳ್ಳನೇದು ಹಚ್ಚಿಸ್ಕೊಳ್ಳಿ.

ಸುಲಭದ್ದು ಮೊದಲು. ಮೂರು ಇಂಚಿನ ಬಳೆ ಇಟ್ಟು ಪೇಸ್ಟಿಂಗ್ ಹಚ್ಚಿದ ಬಟ್ಟೇಲಿ ವೃತ್ತ ಕತ್ತರಿಸಿ, ಅಂಚು ಒಳಗೆ ಮಡಚ್ತಾ ಸುತ್ತ ಓಡುಹೊಲಿಗೆ ಹಾಕಿ ದಾರ ಎಳೆದ್ರೆ ಒಂದೂವರೆ ಇಂಚಿನ ನೆರಿಗೆ ಹೂವು ಆಗುತ್ತೆ. ಮಧ್ಯಕ್ಕೆ ಕುಪ್ಪಸದ್ದೇ ಹಳೇ ಗುಂಡಿಯೋ ಒಂದು ಮುತ್ತೋ ಹೊಲಿದು, ಹಿಂದೆ ಫೆಲ್ಟ್ ಬಿಲ್ಲೆ ಇಟ್ಟು ಟಿಕ್ ಟಾಕ್ ಕ್ಲಿಪ್ಪಿನ ಮೇಲಿನ ಪಟ್ಟಿಗೆ ಸುತ್ತಿ ಹೊಲೀರಿ. ಆ ಕ್ಲಿಪ್ಪಲ್ಲಿ ಮಧ್ಯದ ನಾಲಿಗೆ ಇದೆಯಲ್ಲ, ಅದಕ್ಕೆ ದಾರ ಸಿಕ್ಕಿಸಿದ್ರೆ ಟಕ್ ಅಂತ ಮುಚ್ಚೋದೇ ಇಲ್ಲ, ನಾನು ಮಾಡಿದ ಮೊದಲ ಮೂರೂ ಹಂಗೇ ಆಗಿತ್ತು.

ರಬ್ಬರ್ ಬ್ಯಾಂಡಿಗೆ ಸ್ಕ್ರಂಚಿ ಮಾಡಿ. 22 ಇಂಚು ಉದ್ದ, 4 ಇಂಚು ಅಗಲದ ಪಟ್ಟಿ ಬೇಕು, ಕುಪ್ಪಸದ ಬೆನ್ನಲ್ಲಿ ಅಷ್ಟುದ್ದ ಸಿಗದಿದ್ರೆ ಎರಡು ತುಂಡು ಜೋಡಿಸಿ, ನೆರಿಗೇಲಿ ಜೋಡಣೆ ಕಾಣಲ್ಲ. ಉಲ್ಟಾ ಮಾಡಿ ಉದ್ದಕ್ಕೆ ಹೊಲಿದು ಸುಲ್ಟಾ ಮಾಡಿ, ಎಂಟು ಇಂಚು ಎಲಾಸ್ಟಿಕ್ ಪಿನ್ ಕಟ್ಟಿ ತೂರಿಸಿ, ಎಲಾಸ್ಟಿಕ್ಕಿನ ಎರಡು ತುದಿ ಗಂಟು ಹಾಕದೆ ಒಂದರ ಮೇಲೊಂದಿಟ್ಟು ಹೊಲೀರಿ, ಗಂಟು ತಲೆಗೆ ಒತ್ತುತ್ತೆ. ಹಳೇ ರಬ್ಬರ್ ಬ್ಯಾಂಡ್ ಸಡಿಲ ಆಗಿಲ್ಲದಿದ್ರೆ ಅದರ ಸುತ್ತಲೇ ಬಟ್ಟೆ ಹೊಲಿಯಬಹುದು.

ಕಸೂತಿ ಆಸೆಗೆ ಮಾತ್ರ ಸ್ವಲ್ಪ ತಣ್ಣೀರು ಎರಚ್ತೀನಿ. ಕಸೂತಿ ಎಳೆ ಎಣಿಸಿ ಹಾಕೋದು, ಪೆನ್ಸಿಲ್ಲಲ್ಲಿ ಬರೆದು ಹಾಕೋದಲ್ಲ, ನಿಮ್ಮ ಕಡೆಯವರಿಗೆ ನಾನು ಹೇಳೋದು ಹೆಚ್ಚಾಯ್ತು. ಖಣದಲ್ಲಿ ಮೊದಲೇ ಚಿತ್ತಾರ ತುಂಬಿರೋದರಿಂದ ಎಣಿಸೋಕೂ ಕಷ್ಟ, ಹಾಕಿದ ಮೇಲೂ ಎದ್ದು ಕಾಣಲ್ಲ. ಕಪ್ಪು ಚಂದ್ರಕಾಳಿ ಸೀರೆ ಮೇಲೆ ಕಸೂತಿ ಅಷ್ಟು ಚೆಂದ ಕಾಣೋದು ನೆಲ ಖಾಲಿ ಇರೋದಕ್ಕೇ ಅಲ್ವಾ. ಅದಕ್ಕೆ ಎಳೆ ಎಣಿಸೋಕೆ ಸುಲಭವಾದ ಕಪ್ಪು ಮ್ಯಾಟಿ ಬಟ್ಟೆ ಅಂಗೈಯಷ್ಟು ತಗೊಂಡು ಗವಂತಿ, ಮುರ್ಗಿ ಎರಡೇ ಹೊಲಿಗೇಲಿ ಒಂದು ಪುಟ್ಟ ಗೋಪುರವೋ ತುಳಸಿಕಟ್ಟೆಯೋ ಹಾಕಿ, ತೇರು, ಆನೆ ಎಲ್ಲಾ ಅಷ್ಟು ಜಾಗದಲ್ಲಿ ಹಿಡಿಯಲ್ಲ. ಅದನ್ನ ಟೈಲರ್ ಸಾಮಾನಿನ ಅಂಗಡೀಲಿ ಕೊಟ್ಟು ಬಟ್ಟೆ ಬಟನ್ ಮಾಡಿಸಿ, ದೊಡ್ಡ ಸೈಜು ಹೇಳಿ. ಬಟನ್ನಿನ ಹಿಂದಿನ ಕೊಂಡಿಗೆ ರಬ್ಬರ್ ಬ್ಯಾಂಡ್ ತೂರಿಸಿದ್ರೆ ಮುಗೀತು, ಸುತ್ತ ಖಣದ ನೆರಿಗೆ ಕೊಟ್ರೆ ಎರಡೂ ಒಂದರ ಪಕ್ಕ ಒಂದು ಮರ್ಯಾದೆಯಾಗಿ ಇರುತ್ತೆ.

ಚನ್ನಪಟ್ಟಣದ ಮರದ ಮಣಿ ಸರ ಕಿತ್ತೋಗಿದೆ. ಮಣಿಗಳನ್ನ ಕ್ಲಿಪ್ಪಿಗೆ ಗ್ಲೂ ಗನ್ನಲ್ಲಿ ಕೂರಿಸಬಹುದಾ?
– ಮಂಡ್ಯ

ಮಣಿ ಒಳ್ಳೇ ಆಯ್ಕೆ, ಹಾಲೆ ಮರದ್ದು, ಹಗುರ. ಗ್ಲೂ ಗನ್ ಬೇಡ. ಅದರ ಬಣ್ಣ ಅರಗಿನದು, ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಆ ಬಿಸಿಗೇ ಬಣ್ಣ ಹಿಡಿಸ್ತಾರೆ, ಅಂದ ಮೇಲೆ ಬಿಸಿ ಗ್ಲೂ ತಾಗಿದ್ರೆ ಮತ್ತೆ ಮೆತ್ತಗಾಗುತ್ತೆ. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸೋದೂ ಬೇಡ, ಅರಗು ಅದರಲ್ಲಿ ಕರಗುತ್ತೆ. ತೂತು ಇದ್ದೇ ಇದೆ, ತೆಳು ತಂತಿ ಅಥವಾ ಗಟ್ಟಿ ನೈಲಾನ್ ದಾರದಲ್ಲಿ ಪೋಣಿಸಿ ಕ್ಲಿಪ್ಪಿಗೆ ಸುತ್ತಿ ಬಿಗೀರಿ.

ಭರತನಾಟ್ಯದ ಹಳೇ ತಲೆ ಸೆಟ್ಟು, ಸೂರ್ಯ ಚಂದ್ರ, ರಾಕೋಡಿ, ಅಲ್ಲಲ್ಲಿ ಕೆಂಪು ಕಲ್ಲು ಉದುರಿದೆ. ಮುಂದಿನ ತಿಂಗಳು ಮಗಳ ಪ್ರೋಗ್ರಾಂ. ಹೊಸ ಸೆಟ್ ದುಬಾರಿ.
– ಶಿವಮೊಗ್ಗ

ಕಲ್ಲು ಉದುರಿದ ಕುಳಿಯ ಅಳತೆ ಸ್ಕೇಲಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ತೆಗೀರಿ, ಹಿಂದೆ ಚಪ್ಪಟೆ ಇರೋ ಕಲ್ಲು ಆ ಅಳತೆಯಲ್ಲೇ ಸಿಗುತ್ತೆ, ಬೆಂಗಳೂರಿಗೆ ಬಂದ್ರೆ ಚಿಕ್ಕಪೇಟೆ, ಅವೆನ್ಯೂ ರೋಡ್ ಗಲ್ಲಿಗಳಲ್ಲಿ ಪೊಟ್ಟಣಗಟ್ಟಲೆ. ಹಳೇ ಗಮ್ ಸೂಜಿ ಮೊನೇಲಿ ಕೆರೆದು ತೆಗೆದು, ನಿಧಾನ ಒಣಗೋ ಜ್ಯುವೆಲರಿ ಗ್ಲೂ ಒಂದು ಸಾಸಿವೆಯಷ್ಟು ಹಾಕಿ, ಕಲ್ಲನ್ನ ಟೂತ್ ಪಿಕ್ಕಿನ ತುದೀಲಿ ಮೇಣ ಹಚ್ಚಿ ಎತ್ತಿ ಕೂರಿಸಿ. ಎರಡು ದಿನ ಮುಟ್ಟಬೇಡಿ. ಸೆಟ್ಟನ್ನ ನೀರಲ್ಲಿ ಮುಳುಗಿಸಿ ತೊಳೀಬೇಡಿ, ಎಷ್ಟೋ ಕಲ್ಲಿನ ಹಿಂದೆ ಹೊಳೆಯೋ ಹಾಳೆ ಇರುತ್ತೆ, ಅದಕ್ಕೆ ನೀರು ಹೋದ್ರೆ ಕಲ್ಲು ಕುರುಡಾಗುತ್ತೆ. ಹೊಸ ಕಲ್ಲು ಹಳೇದಕ್ಕಿಂತ ಜಾಸ್ತಿ ಹೊಳೆದ್ರೆ ಒಂದೇ ಕಡೆ ಗುಂಪಾಗಿ ಹಾಕದೆ ಹಳೇ ಕಲ್ಲು ಒಂದೆರಡು ಕಿತ್ತು ಜಾಗ ಬದಲಾಯಿಸಿ. ಇನ್ನು ಕಟ್ಟೋ ದಾರ ಹೊಸದು ಹಾಕಿ, ಸ್ಟೇಜ್ ಮೇಲೆ ಕೈಕೊಡೋದು ಕಲ್ಲಿಗಿಂತ ಹೆಚ್ಚಾಗಿ ಆ ದಾರವೇ.

ಒಂದೂವರೆ ವರ್ಷದ ಮೊಮ್ಮಗಳಿಗೆ ಮಣಿ ಹಾಕಿದ ಕ್ಲಿಪ್ ಮಾಡಬೇಕು.
– ಹಾಸನ

ಬೇಡ ಅಜ್ಜಿ. ಆ ವಯಸ್ಸಲ್ಲಿ ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ, ಮಣಿ ಗಂಟಲಿಗೆ ಸಿಕ್ಕಿದ್ರೆ ಕಷ್ಟ. ಮೆತ್ತನೆ ಬಟ್ಟೇಲಿ ಬೋ ಕಟ್ಟಿ, ಮಣಿಯ ಜಾಗದಲ್ಲಿ ದಾರದಲ್ಲೇ ಗಂಟು ಹೊಲಿಗೆ ಹಾಕಿ, ಕಣ್ಣಿಗೆ ಮಣಿ ಥರಾನೇ ಕಾಣುತ್ತೆ.

ನಾನು ಇಂಥವು ಮಾಡಿ ಮಾರಬಹುದಾ? ಪಕ್ಕದ ಮನೆಯವರು ಒಂದಕ್ಕೆ 30 ರೂಪಾಯಿ ಕೊಡ್ತೀನಿ ಅಂದ್ರು.
– ಚಿತ್ರದುರ್ಗ

ಒಂದು ಕ್ಲಿಪ್ಪಿಗೆ 40 ನಿಮಿಷ ಹಿಡಿದ್ರೆ 30 ರೂಪಾಯಿಗೆ ಮಾರೋದು ಅಂದ್ರೆ ಪಕ್ಕದ ಮನೆಯವರಿಗೆ ನೀವು ಉಡುಗೊರೆ ಕೊಟ್ಟ ಹಾಗೆ. ಸಾಮಾನಿನ ದುಡ್ಡು, ನಿಮ್ಮ ಗಂಟೆಯ ಕೂಲಿ ಎರಡೂ ಕಾಗದದ ಮೇಲೆ ಬರೆದು ಕೂಡಿ, ಆಮೇಲೆ ರೇಟ್ ಹೇಳಿ. ಹಾಕ್ಕೊಂಡು ಬಿಟ್ಟ ಕ್ಲಿಪ್ಪನ್ನ ಹೊಸದು ಅಂತ ಮಾತ್ರ ಮಾರಬೇಡಿ, ಹಳೇದಕ್ಕೆ ಅಲಂಕಾರ ಮಾಡಿಕೊಡ್ತೀನಿ, ನಿಮ್ಮ ಕ್ಲಿಪ್ ತನ್ನಿ ಅಂತ ಹೇಳಿ, ಅದರಲ್ಲಿ ಸಾಮಾನಿನ ಖರ್ಚೂ ಕಮ್ಮಿ. ಮೊದಲ ಹತ್ತು ನೆಂಟರ ಮಕ್ಕಳಿಗೆ ಕೊಟ್ಟು ತಿಂಗಳು ಬಿಟ್ಟು ಹೋಗಿ ನೋಡಿ, ಎಷ್ಟು ಮಣಿ ಉಳಿದಿದೆ ಅಂತ ಎಣಿಸಿ, ಆಮೇಲೆ ಪಕ್ಕದ ಮನೆಯವರ ಹತ್ರ ಮಾತಾಡಿ.